ಶರತ್ಕಾಲದ ಬಣ್ಣ, ದಿನಾ ಒಂದು ಸುತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಗಾಡಿನ ದಾರಿ, ಹೊಲದ ಬದು, ಹೊಳೆ ದಂಡೆ, ಸಣ್ಣ ಕಾಡು. ಎಲೆ ಬಣ್ಣ ತಿರುಗುವ ಕಾಲದಲ್ಲಿ ಇಂಥ ಜಾಗಗಳಲ್ಲಿ ದಿನಾ ಫೋಟೋ ತೆಗೆಯಬೇಕು ಅಂತ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕ್ಯಾಮೆರಾ ಯಾವುದಾದರೂ ಇರಲಿ, ಊರು ಯಾವುದಾದರೂ ಇರಲಿ, ನನ್ನ ಮೊದಲ ಸಲಹೆ ಒಂದೇ: ಹತ್ತು ಜಾಗ ಸುತ್ತಬೇಡಿ, ಒಂದೇ ಜಾಗಕ್ಕೆ ದಿನಾ ಹೋಗಿ.

ದಿನಾ ಯಾಕೆ ಹೋಗಬೇಕು? ಬಣ್ಣ ತುಂಬಿದ ದಿನ ನೋಡಿಕೊಂಡು ಒಂದು ಸಲ ಹೋದ್ರೆ ಸಾಲದಾ?

ಹೋಗಬಹುದು, ಚೆಂದದ ಫೋಟೋವೂ ಸಿಗಬಹುದು. ಆದರೆ ಇಡೀ ಕಾಡಿಗೆ ಒಟ್ಟಿಗೆ ಬಣ್ಣ ತುಂಬುವ ದಿನ ಅಂತ ಒಂದು ಇರುವುದಿಲ್ಲ. ಆಶ್ ಮರ ಬೇಗ ಹಳದಿಯಾಗಿ ಬೇಗ ಬೋಳಾಗುತ್ತದೆ. ಆ ಹೊತ್ತಿಗೆ ಪಕ್ಕದ ಓಕ್ ಮರ ಇನ್ನೂ ಹಸಿರಾಗಿಯೇ ನಿಂತಿರುತ್ತದೆ. ಲಾರ್ಚ್ ಸೂಜಿ ಎಲೆಯ ಮರವಾದರೂ ಎಲೆ ಉದುರಿಸುತ್ತದೆ. ಬೇರೆಯವೆಲ್ಲ ಖಾಲಿಯಾಗುತ್ತಾ ಬಂದಾಗ ಅದು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಗಿಂಕ್ಗೊ ಮರವಂತೂ ಗಟ್ಟಿ ಚಳಿ ಬಿದ್ದ ರಾತ್ರಿಯ ಮರುದಿನ ಕೆಲವೇ ಗಂಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಎಲೆ ಕಳಚಿಬಿಡುತ್ತದೆ. ಅದನ್ನು ನೋಡಬೇಕು ಅಂದ್ರೆ ಆ ದಿನ ನೀವು ಅಲ್ಲಿರಬೇಕು.

ಒಂದೇ ಮರದೊಳಗೂ ಹೀಗೇ. ಬಿಸಿಲು ಬೀಳುವ ಕಡೆಯ ಟೊಂಗೆ ಮೊದಲು ಕೆಂಪಾಗುತ್ತದೆ, ಒಳಗಿನ ಎಲೆಗಳು ತಡವಾಗಿ ಹಳದಿಗೆ ತಿರುಗುತ್ತವೆ. ಒಂದು ರಾತ್ರಿ ಜೋರು ಗಾಳಿ ಬೀಸಿದರೆ ನಿನ್ನೆ ಮೇಲಿದ್ದ ಬಣ್ಣವೆಲ್ಲ ಇವತ್ತು ನೆಲದ ಮೇಲೆ. ಒಂದೇ ದಿನ ಬಂದು ಹೋದವರಿಗೆ ಇದರಲ್ಲಿ ಒಂದು ತುಣುಕು ಸಿಗುತ್ತದೆ ಅಷ್ಟೇ. ದಿನಾ ಬಂದವರಿಗೆ ಇನ್ನೊಂದು ಲಾಭವೂ ಇದೆ: ನಾಳೆ ಏನಾಗಬಹುದು ಅಂತ ಮರ ನೋಡಿಯೇ ಅಂದಾಜು ಮಾಡುವುದು ಬರುತ್ತದೆ.

ಎಲೆಗೆ ಬಣ್ಣ ಬರೋದು ಹೇಗೆ? ಫೋಟೋ ತೆಗೆಯುವವರಿಗೆ ಇದು ಗೊತ್ತಿರಬೇಕಾ?

ಗೊತ್ತಿದ್ದರೆ ತುಂಬಾ ಉಪಯೋಗ. ಹಗಲು ಚಿಕ್ಕದಾಗುತ್ತಿದ್ದಂತೆ ಮರ ಹೊಸ ಪತ್ರಹರಿತ್ತು ಮಾಡುವುದನ್ನು ಕಡಿಮೆ ಮಾಡುತ್ತದೆ, ಇದ್ದದ್ದು ಒಡೆದು ಹೋಗುತ್ತದೆ. ಹಸಿರು ಹೋದ ಮೇಲೆ ಮೊದಲಿನಿಂದಲೂ ಎಲೆಯಲ್ಲೇ ಇದ್ದ ಕ್ಯಾರೊಟಿನಾಯ್ಡ್‌ಗಳು ಕಾಣುತ್ತವೆ. ಹಳದಿ, ಕಿತ್ತಳೆ ಬಣ್ಣ ಅವುಗಳದ್ದು. ಕೆಂಪಿನ ಕಥೆ ಬೇರೆ. ಅದು ಆಂಥೋಸಯಾನಿನ್. ಬಹುಪಾಲು ಮರಗಳಲ್ಲಿ ಅದು ಈ ಕಾಲದಲ್ಲೇ ಹೊಸದಾಗಿ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ತಯಾರಾಗುತ್ತದೆ. ಅದಕ್ಕೆ ಬೆಳಕು ಬೇಕು. ಹಾಗಾಗಿಯೇ ಹಳದಿ ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ, ಕೆಂಪು ಮಾತ್ರ ಒಂದು ವರ್ಷ ಉರಿಯುತ್ತದೆ, ಇನ್ನೊಂದು ವರ್ಷ ಮಂಕಾಗಿರುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇರುವ ದಿನಗಳು ಸಾಲಾಗಿ ಬಂದರೆ ಕೆಂಪು ಚೆನ್ನಾಗಿ ಏರುತ್ತದೆ. ಮೋಡ ಕವಿದ, ಬೆಚ್ಚಗಿನ ವಾರಗಳಾದರೆ ಅಷ್ಟು ಬರುವುದಿಲ್ಲ.

ಕೆಂಪು ಮೇಪಲ್ ಎಲೆಗಳ ರಾಶಿ ಸಿಕ್ಕರೆ ಒಂದೊಂದಾಗಿ ತಿರುಗಿಸಿ ನೋಡಿ. ಕೆಲವು ಎಲೆಗಳ ಮೇಲೆ ಇನ್ನೊಂದು ಎಲೆಯ ಆಕಾರ ಹಳದಿಯಾಗಿ ಮೂಡಿರುತ್ತದೆ. ಮರದ ಮೇಲಿದ್ದಾಗ ಅದರ ಮೇಲೆ ಇನ್ನೊಂದು ಎಲೆ ಮಲಗಿತ್ತು, ಅಲ್ಲಿಗೆ ಬೆಳಕು ಬೀಳಲಿಲ್ಲ, ಕೆಂಪು ತಯಾರಾಗಲಿಲ್ಲ. ಅಂದರೆ ಆ ಎಲೆಯೇ ತನ್ನ ಮೈಮೇಲೆ ಒಂದು ಫೋಟೋ ತೆಗೆದಿಟ್ಟಿದೆ! ನನಗೆ ಇಡೀ ಸೀಸನ್ನಿನಲ್ಲಿ ಇದಕ್ಕಿಂತ ಇಷ್ಟವಾದ ವಿಷಯ ಇನ್ನೊಂದಿಲ್ಲ.

ಇನ್ನೊಂದು ಹುಡುಕಬೇಕಾದ್ದು ಬರ್ಚ್, ಬೀಚ್, ಆಸ್ಪೆನ್ ಎಲೆಗಳಲ್ಲಿ. ಎಲೆ ಪೂರ್ತಿ ಹಳದಿಯಾಗಿರುತ್ತದೆ, ನಡುವೆ ಒಂದು ಕಡೆ ಮಾತ್ರ ಹಸಿರು ಮಚ್ಚೆ ಉಳಿದಿರುತ್ತದೆ. ಎಲೆಯ ಎರಡು ಪದರಗಳ ನಡುವೆ ಕೊರೆದುಕೊಂಡು ಬದುಕುವ ಪುಟ್ಟ ಹುಳು ತನ್ನ ಸುತ್ತಲಿನ ಭಾಗ ಒಣಗದಂತೆ ನೋಡಿಕೊಳ್ಳುತ್ತದೆ. ಎಲೆ ಬೆಳಕಿಗೆ ಹಿಡಿದರೆ ಹುಳು ಓಡಾಡಿದ ಸುರಂಗವೂ ಕಾಣುತ್ತದೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದವರಿಗೆ ಒಂದು ಬೆಳಗ್ಗೆ ಪೂರ್ತಿ ಇಷ್ಟೇ ಸಾಕು.

ಯಾವ ತಿಂಗಳಿಂದ ಶುರು ಮಾಡಬೇಕು?

ಊರಿನ ಮೇಲೆ ಹೋಗುತ್ತದೆ. ಫಿನ್ಲೆಂಡಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ ಸೆಪ್ಟೆಂಬರಿನಲ್ಲೇ ಬಣ್ಣ ಬಂದು ಹೋಗುತ್ತದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತುಂಬಾ. ಜಪಾನಿನಲ್ಲಿ ಉತ್ತರದ ಹೊಕ್ಕೈಡೊದಿಂದ ಶುರುವಾಗಿ ಬಣ್ಣ ನಿಧಾನವಾಗಿ ತೆಂಕಣಕ್ಕೆ ಇಳಿಯುತ್ತದೆ, ಕ್ಯೋಟೊ ತಲುಪುವಾಗ ನವೆಂಬರ್ ಕೊನೆ. ಭೂಮಿಯ ದಕ್ಷಿಣಾರ್ಧದಲ್ಲಿ ಲೆಕ್ಕ ತಿರುಗುಮುರುಗು: ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದಲ್ಲಿ ಏಪ್ರಿಲ್ ಮುಖ್ಯ ತಿಂಗಳು. ಬೆಟ್ಟ ಇರುವ ಕಡೆ ಮೇಲಿನಿಂದ ಕೆಳಕ್ಕೆ ಬಣ್ಣ ಇಳಿದು ಬರುತ್ತದೆ.

ಬಿಸಿ ನಾಡಿನವರು ಬೇಸರ ಮಾಡಿಕೊಳ್ಳಬೇಕಿಲ್ಲ. ಅಲ್ಲಿ ಒಣ ತಿಂಗಳುಗಳಲ್ಲಿ ಎಲೆ ಉದುರಿಸುವ ಮರಗಳಿವೆ. ಕಾಡು ಬಾದಾಮಿಯ ದೊಡ್ಡ ಎಲೆಗಳು ಉದುರುವ ಮುಂಚೆ ಮೇಪಲ್‌ಗೆ ಸಾಟಿಯಾಗುವಷ್ಟು ಕೆಂಪಾಗುತ್ತವೆ. ಕೆಳಗೆ ಹೇಳಿರುವುದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಎಲ್ಲಿದ್ದರೂ, ಮರಗಳು ಇನ್ನೂ ಹಸಿರಾಗಿರುವಾಗಲೇ ಶುರು ಮಾಡಿ. ಹಸಿರು ಫ್ರೇಮ್ ಇಲ್ಲದೆ ಮುಂದಿನ ಬದಲಾವಣೆ ಎಷ್ಟು ದೊಡ್ಡದು ಅನ್ನೋದು ಕಾಣುವುದಿಲ್ಲ.

ದಿನಾ ಹೋಗೋಕೆ ಎಂಥ ಜಾಗ ಆರಿಸಬೇಕು?

ನಡೆದು ಹೋಗುವಷ್ಟು ಹತ್ತಿರ ಇರಬೇಕು. ಇದೇ ಮೊದಲ ಷರತ್ತು. ಗಾಡಿ ತೆಗೆದು ಮುಕ್ಕಾಲು ಗಂಟೆ ಹೋಗಬೇಕಾದ ಜಾಗ ಎಷ್ಟೇ ಚೆನ್ನಾಗಿರಲಿ, ಎರಡನೇ ವಾರಕ್ಕೆ ಬಿಟ್ಟುಹೋಗುತ್ತದೆ.

ಆಮೇಲೆ ನೋಡಬೇಕಾದ್ದು ಮೂರು ನಾಲ್ಕು ಜಾತಿಯ ಮರಗಳು ಒಟ್ಟಿಗೆ ಇವೆಯಾ ಅಂತ. ಒಂದೇ ಜಾತಿಯ ತೋಪಾದರೆ ಎಲ್ಲ ಒಟ್ಟಿಗೆ ಬಂದು ಒಟ್ಟಿಗೆ ಮುಗಿಯುತ್ತದೆ. ಬೇಲಿ ಸಾಲು ಇದಕ್ಕೆ ಬಹಳ ಒಳ್ಳೆಯದು, ಹಣ್ಣು ಬಿಟ್ಟ ಮುಳ್ಳುಗಿಡ, ಬಳ್ಳಿ, ಸಣ್ಣ ಮರ ಎಲ್ಲ ಅಲ್ಲೇ ಇರುತ್ತವೆ. ಒಂದೇ ಜಾತಿಯ ತೋಪು ಬೇಡ ಅನ್ನುವುದಕ್ಕೆ ಆಸ್ಪೆನ್ ಮಾತ್ರ ಹೊರತು. ಒಂದೇ ಬೇರಿನಿಂದ ಎದ್ದ ಕಾಂಡಗಳ ಗುಂಪು ಒಟ್ಟಿಗೆ ಬಣ್ಣ ತಿರುಗುತ್ತದೆ, ಪಕ್ಕದ ಗುಂಪು ಬೇರೆ ದಿನ. ಹಾಗಾಗಿ ಬರೀ ಆಸ್ಪೆನ್ ಇರುವ ಬೆಟ್ಟದಲ್ಲೂ ಹಸಿರು, ಹಳದಿ, ಕಿತ್ತಳೆ ಪಟ್ಟೆಗಳು ಕಾಣುತ್ತವೆ.

ನೀರಿದ್ದರೆ ಇನ್ನೂ ಒಳ್ಳೆಯದು. ಕೆರೆ, ತೋಡು, ಗದ್ದೆಯಲ್ಲಿ ನಿಂತ ಮಳೆನೀರು, ಏನಾದರೂ ಸರಿ. ಕೊಯ್ಲು ಮುಗಿದ ಹೊಲದ ಕೂಳೆಯ ಬಣ್ಣವನ್ನೂ ಮರೆಯಬೇಡಿ. ಹಳ್ಳಿಗಾಡಿನ ಶರತ್ಕಾಲ ಬರೀ ಮರದಲ್ಲಿರುವುದಿಲ್ಲ. ಉತ್ತ ಮಣ್ಣಿನ ಕಂದು, ಒಣಗಿದ ಹುಲ್ಲಿನ ಬಣ್ಣ, ಜರೀಗಿಡದ ತುಕ್ಕು ಬಣ್ಣ, ಎಲ್ಲ ಸೇರಿದರೇನೇ ಆ ಕೆಂಪು ಮರ ಕೆಂಪಾಗಿ ಕಾಣುವುದು.

ಕೆಲಸಕ್ಕೆ ಹೋಗೋರಿಗೆ ದಿನಾ ಟೈಮ್ ಎಲ್ಲಿಂದ ಬರಬೇಕು?

20 ನಿಮಿಷ ಸಾಕು. ಆದರೆ ಹೊತ್ತು ಆರಿಸುವಾಗ ಒಂದು ವಿಷಯ ನೆನಪಿಡಿ. 50 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಈ ಕಾಲಕ್ಕೆ ದಿನಕ್ಕೆ 3ರಿಂದ 4 ನಿಮಿಷ ಹಗಲು ಕಡಿಮೆಯಾಗುತ್ತಾ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಕೆಲಸ ಮುಗಿಸಿ ಬಂದ ಮೇಲೆ ಸಿಗುತ್ತಿದ್ದ ಸಂಜೆ ಬಿಸಿಲು ಅಕ್ಟೋಬರ್ ಮಧ್ಯಕ್ಕೆ ಕೈತಪ್ಪುತ್ತದೆ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಲ್ಲಿಗೆ ಸಂಜೆಯ ಆಸೆ ಪೂರ್ತಿ ಮುಗಿಯಿತು. ಮೊದಲಿಂದಲೇ ಬೆಳಗ್ಗೆ ಹೋಗುವ ರೂಢಿ ಮಾಡಿಕೊಂಡರೆ ನಡುವೆ ಕಡಿಯುವುದಿಲ್ಲ. ಬೆಳಗ್ಗೆ ಗಾಳಿಯೂ ಕಡಿಮೆ.

ಯಾವ ಬೆಳಕು ಒಳ್ಳೆಯದು?

ಎಲ್ಲರೂ ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಅಂತಾರೆ. ಸರಿಯೇ. ಆದರೆ ಶರತ್ಕಾಲದಲ್ಲಿ ನಿಯಮ ಅಷ್ಟು ಬಿಗಿ ಇಲ್ಲ. 50 ಡಿಗ್ರಿ ಉತ್ತರದಲ್ಲಿ ಅಕ್ಟೋಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ 30 ಡಿಗ್ರಿಗಿಂತ ಕೆಳಗೇ ಇರುತ್ತಾನೆ. ಹಗಲಿಡೀ ಓರೆ ಬೆಳಕು, ಉದ್ದ ನೆರಳು. ಮಧ್ಯಾಹ್ನ ಮಾತ್ರ ಬಿಡುವಿದ್ದವರೂ ಧೈರ್ಯವಾಗಿ ಹೋಗಬಹುದು.

ಎಲೆಗೆ ಹೇಳಿ ಮಾಡಿಸಿದ ಬೆಳಕು ಅಂದ್ರೆ ಹಿಂದಿನಿಂದ ಬರುವುದು. ಒಂದು ಟೊಂಗೆಯ ಎದುರಿಗೆ ನಿಂತು, ಸೂರ್ಯ ಟೊಂಗೆಯ ಆಚೆಗಿರುವಂತೆ ನೋಡಿ. ಬೆಳಕು ಎಲೆಯ ಮೇಲಿಂದ ಜಾರಿ ಬರುವ ಬದಲು ಎಲೆಯೊಳಗಿಂದ ಹಾದು ಬರುತ್ತದೆ. ನರಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ನರದ ಅಕ್ಕಪಕ್ಕ ಕೊನೆಗೆ ಉಳಿದ ಹಸಿರು, ಅಂಚಿನಲ್ಲಿ ಒಣಗಲು ಶುರುವಾದ ಕಂದು, ನಡುವೆ ಹಳದಿ, ಎಲ್ಲ ಒಂದೇ ಎಲೆಯಲ್ಲಿ ಕಾಣುತ್ತದೆ. ಹಿಂದೆ ನೆರಳಿನಲ್ಲಿರುವ ಗುಡ್ಡವೋ ಕತ್ತಲೆಯ ಮರಗಳೋ ಇದ್ದರೆ ಎಲೆ ತಾನೇ ಹೊಳೆಯುವಂತೆ ತೋರುತ್ತದೆ. ಸೂರ್ಯ ನೇರ ಲೆನ್ಸಿಗೆ ಹೊಡೆಯದಂತೆ ಕಾಂಡದ ಮರೆಗೆ ಸರಿದುಕೊಳ್ಳಿ. ಸೂರ್ಯ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು 2 ನಿಮಿಷ ಸಾಕು, ಹಾಗಾಗಿ ಅಲ್ಲೇ ಸ್ವಲ್ಪ ಸ್ವಲ್ಪ ಸರಿಯುತ್ತಾ ಇರಬೇಕಾಗುತ್ತದೆ.

ಮೋಡದ ದಿನವನ್ನು ಜನ ಸುಮ್ನೆ ಬೈಯುತ್ತಾರೆ. ಕಾಡಿನೊಳಗೆ ತೆಗೆಯುವುದಾದರೆ ಮೋಡವೇ ಬೇಕು. ಬಿಸಿಲಿದ್ದರೆ ಅಲ್ಲಿ ಬೆಳಕು ಕತ್ತಲೆಯ ಚುಕ್ಕಿಗಳು ಎಷ್ಟು ಜಾಸ್ತಿ ಅಂದ್ರೆ ಯಾವ ಸೆನ್ಸರಿಗೂ ಸಂಭಾಳಿಸುವುದು ಕಷ್ಟ. ಮೋಡವಿದ್ದಾಗ ಎಲ್ಲ ಕಡೆ ಸಮವಾಗಿ ಬೆಳಕು ಹರಡುತ್ತದೆ, ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸ ತೋರುತ್ತದೆ. ಬಿಳಿ ಆಕಾಶ ಮಾತ್ರ ಫ್ರೇಮಿನೊಳಗೆ ಬರದಂತೆ ನೋಡಿಕೊಳ್ಳಿ.

ಮಳೆ ಬಂದ್ರೆ ರಜಾ ಅಲ್ವಾ?

ಖಂಡಿತ ಬೇಡ! ಒದ್ದೆಯಾದ ತೊಗಟೆ ಕಪ್ಪಾಗುತ್ತದೆ, ಅದರ ಮುಂದೆ ಹಳದಿ ಎಲೆ ಎರಡು ಪಟ್ಟು ಎದ್ದು ಕಾಣುತ್ತದೆ. ಮಳೆ ನಿಂತ ಮೊದಲ ಅರ್ಧ ಗಂಟೆಯನ್ನು ನಾನು ಬೇರೆ ಯಾವ ಬೆಳಕಿಗೂ ಬಿಟ್ಟುಕೊಡುವುದಿಲ್ಲ. ಲೆನ್ಸ್ ಒರೆಸಲು ಒಣ ಬಟ್ಟೆ ಎರಡು ಇರಲಿ. ಮಳೆ ಬಂದ ದಿನದ ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಬಿದ್ದು, ಚಳಿ ಹೆಚ್ಚಾದರೆ ಮರುದಿನ ತಗ್ಗು ಜಾಗಗಳಲ್ಲಿ ಮಂಜು ಕೂರುವ ಸಾಧ್ಯತೆ ಜಾಸ್ತಿ. ಅಲಾರಂ ಇಟ್ಟುಕೊಳ್ಳಿ.

ಪೋಲರೈಸರ್ ಫಿಲ್ಟರ್ ತಗೊಳ್ಳಲಾ?

ಒಂದೇ ಒಂದು ಫಿಲ್ಟರ್ ತಗೊಳ್ಳುವುದಾದರೆ ಇದೇ. ಎಲೆಯ ಮೇಣದಂಥ ಮೈಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಫಿಲ್ಟರ್ ತಿರುಗಿಸಿದರೆ ಆ ಹೊಳಪು ಹೋಗಿ ಕೆಳಗಿನ ಬಣ್ಣ ಬರುತ್ತದೆ. ಮಳೆ ಬಂದ ದಿನ, ಮೋಡದ ದಿನ ಇದರ ಉಪಯೋಗ ಇನ್ನೂ ಜಾಸ್ತಿ. ಈ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಬರುವುದಿಲ್ಲ.

ನೀಲಿ ಆಕಾಶ ಗಾಢ ಮಾಡಬೇಕಾದರೆ ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿ ನೋಡುವಾಗ ಪರಿಣಾಮ ಹೆಚ್ಚು. ಅಗಲ ನೋಟದ ವೈಡ್ ಲೆನ್ಸಿನಲ್ಲಿ ಆಕಾಶದ ಒಂದು ಕಡೆ ಮಾತ್ರ ಕಪ್ಪಾಗಿ ಕೆಡುತ್ತದೆ, ಅಲ್ಲಿ ಅರ್ಧದಷ್ಟೇ ತಿರುಗಿಸಿ. ನೀರಿನ ಮೇಲೆ ಪೂರ್ತಿ ತಿರುಗಿಸಿದರೆ ನಿಮಗೆ ಬೇಕಾದ ಪ್ರತಿಬಿಂಬವೇ ಹೊರಟುಹೋಗುತ್ತದೆ. ಫಿಲ್ಟರ್ 1ರಿಂದ 2 ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು), ಶಟರ್ ಸ್ಪೀಡ್ ನೋಡಿಕೊಳ್ಳಿ.

ಮೊಬೈಲ್ ಸಾಕಾಗುತ್ತಾ?

ದಿನಾ ಅಭ್ಯಾಸಕ್ಕೆ ಧಾರಾಳ ಸಾಕು. ಯಾವಾಗಲೂ ಜೇಬಿನಲ್ಲಿರುತ್ತದೆ. ಮೊಬೈಲ್ ತಾನಾಗಿಯೇ ಬಣ್ಣ ಏರಿಸುವುದರ ಬಗ್ಗೆ ಮಾತ್ರ ಎಚ್ಚರ ಇರಲಿ. ರಾ ಫೈಲ್, ಅಂದರೆ ಕ್ಯಾಮೆರಾ ತಾನಾಗಿ ತಿದ್ದದ ಮೂಲ ಫೈಲ್, ಉಳಿಸುವ ಸೌಲಭ್ಯ ಇದ್ದರೆ ಬಳಸಿ. ಡಿಜಿಟಲ್ ಜೂಮ್ ಬೇಡ, ಹತ್ತಿರ ನಡೆಯಿರಿ.

ಕೆಂಪು ಎಲೆಗಳು ಫೋಟೋದಲ್ಲಿ ಬಣ್ಣದ ಮುದ್ದೆಯಂತೆ ಕಾಣುತ್ತವೆ. ಯಾಕೆ?

ಕೆಂಪು ಚಾನೆಲ್, ಅಂದರೆ ಫೋಟೋದಲ್ಲಿ ಕೆಂಪು ಬಣ್ಣ ದಾಖಲಾಗುವ ಭಾಗ, ತುಂಬಿ ಹರಿದಿದೆ. ಕ್ಯಾಮೆರಾ ಒಟ್ಟು ಬೆಳಕನ್ನು ಅಳೆದು ಸರಿ ಇದೆ ಅನ್ನುತ್ತದೆ, ಬಿಳಿ ಹಿಸ್ಟೋಗ್ರಾಮೂ (ಫೋಟೋದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ) ಸರಿಯಾಗೇ ಕಾಣುತ್ತದೆ. ಆದರೆ ಕೆಂಪು ಒಂದೇ ಅಂಚು ದಾಟಿ, ನರ, ನೆರಿಗೆ ಎಲ್ಲ ಅಳಿಸಿಹೋಗಿರುತ್ತವೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ. ಕೆಂಪಿನ ಗೆರೆ ಬಲತುದಿಗೆ ಅಂಟಿದ್ದರೆ ಎಕ್ಸ್‌ಪೋಶರ್ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ.

ಇನ್ನೊಂದು ಕಾರಣ ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಅಂತ ಕ್ಯಾಮೆರಾ ಲೆಕ್ಕ ಹಾಕುವ ರೀತಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಇಷ್ಟೊಂದು ಹಳದಿ ಇರಬಾರದು ಅಂದುಕೊಂಡು ನೀಲಿ ಬೆರೆಸುತ್ತದೆ, ಪ್ರತಿ ಫ್ರೇಮಿಗೂ ಬೇರೆ ಬೇರೆ ಪ್ರಮಾಣದಲ್ಲಿ. ದಿನದಿನದ ಫೋಟೋ ಪಕ್ಕಪಕ್ಕ ಇಡಬೇಕಾದವರಿಗೆ ಇದು ದೊಡ್ಡ ತಲೆನೋವು. ಡೇಲೈಟಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟು ಹಾಗೇ ಬಿಡಿ. ನೆರಳು ನೆರಳಿನ ಹಾಗೆ, ಬಿಸಿಲು ಬಿಸಿಲಿನ ಹಾಗೆ ಇರಲಿ.

ಸಾಧ್ಯವಾದರೆ ರಾದಲ್ಲೇ ತೆಗೆಯಿರಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲಿನಲ್ಲಿ 16,384. ಕಿತ್ತಳೆಯಿಂದ ಕೆಂಪಿಗೆ ನಯವಾಗಿ ಜಾರುವ ಎಲೆಯನ್ನು ತಿದ್ದುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಗಾಳಿಗೆ ಎಲೆ ಅಲುಗಾಡುತ್ತಲೇ ಇರುತ್ತೆ. ಏನು ಮಾಡೋದು?

ಶಟರ್ 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗಕ್ಕೆ ಏರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ಆದರೂ ಚಿಂತೆಯಿಲ್ಲ. ಇಲ್ಲವಾದರೆ ಟ್ರೈಪಾಡಿಗೆ ಹಾಕಿ ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಇಳಿಸಿ, ಎಲೆ ಅಲುಗಾಡಲಿ, ಕಾಂಡ ನಿಂತಿರಲಿ. ನಡುವಿನ ಸ್ಪೀಡು ಎರಡಕ್ಕೂ ಆಗುವುದಿಲ್ಲ.

ಇಡೀ ಬೆಟ್ಟ ಬಣ್ಣದಿಂದ ತುಂಬಿದೆ, ಆದ್ರೆ ಫೋಟೋ ಮಾತ್ರ ಗಜಿಬಿಜಿ. ಎಲ್ಲಿ ತಪ್ಪುತ್ತಿದೆ?

ಬಣ್ಣ ಎಷ್ಟು ಜಾಸ್ತಿಯೋ ಫ್ರೇಮ್ ಅಷ್ಟು ಕಷ್ಟ. ಕಣ್ಣು ನಿಲ್ಲಲು ಒಂದು ಜಾಗ ಬೇಕು. ಬಿಳಿ ಬರ್ಚ್ ಕಾಂಡ, ಒಂದು ಬೇಲಿಗೂಟ, ಬಾಗಿದ ದಾರಿ ಯಾವುದಾದರೂ ಆಗಬಹುದು. ವೈಡ್ ಲೆನ್ಸ್ ಬಿಟ್ಟು 70-200 ಮಿಲಿಮೀಟರ್ ಲೆನ್ಸ್ ಹಾಕಿ ಬೆಟ್ಟದ ಒಂದು ತುಂಡನ್ನು ಮಾತ್ರ ನೋಡಿ. ದೂರದ ಮರಗಳು ಒಂದರ ಹಿಂದೆ ಒಂದು ಒತ್ತಿಕೊಂಡು ಬರುತ್ತವೆ, ಆಕಾಶ ತಾನಾಗಿಯೇ ಹೊರಗುಳಿಯುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್/8ರಿಂದ ಎಫ್/11 ಸಾಕು. ಎಫ್/16 ದಾಟಿದರೆ ಸಣ್ಣ ವಿವರಗಳು ಮೆತ್ತಗಾಗುತ್ತವೆ.

ಎದುರು ಬಣ್ಣವನ್ನೂ ಹುಡುಕಿ. ಹಳದಿಗೆ ನೀಲಿ, ಕೆಂಪಿಗೆ ಹಸಿರು. ಪೂರ್ತಿ ಹಣ್ಣಾದ ಕಾಡಿಗಿಂತ ಅರ್ಧ ಹಸಿರು ಉಳಿದ ಕಾಡು ಫೋಟೋದಲ್ಲಿ ಚೆನ್ನಾಗಿ ಬರುವುದು ಈ ಕಾರಣಕ್ಕೇ. ಆಗಾಗ ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಹಾಕಿ ಅದೇ ಫ್ರೇಮ್ ನೋಡುವುದೂ ಒಳ್ಳೆ ಅಭ್ಯಾಸ. ಬಣ್ಣ ತೆಗೆದರೆ ಏನೂ ಉಳಿಯದಿದ್ದರೆ ಜೋಡಣೆ ಇನ್ನೂ ಆಗಿಲ್ಲ ಅಂತ ಅರ್ಥ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1958ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ತೆಗೆದ ಆಸ್ಪೆನ್ ಮರಗಳು ಶರತ್ಕಾಲದವೇ, ಚಿತ್ರ ಮಾತ್ರ ಕಪ್ಪು-ಬಿಳುಪು. ಹಳದಿ ಎಲೆಗಳು ಅಲ್ಲಿ ಬರೀ ಬೆಳಕಾಗಿ ನಿಂತಿವೆ.

ಅದೇ ಜಾಗ, ಅದೇ ಮರ. ಬೇಸರ ಬಂದ್ರೆ?

ಬರುತ್ತದೆ, ಮೊದಲ ವಾರದ ಕೊನೆಗೇ ಬರುತ್ತದೆ. ಆಗ ಜಾಗ ಬದಲಿಸಬೇಡಿ, ನಿಯಮ ಬದಲಿಸಿ. ಇವತ್ತು ಬರೀ ನೆಲ. ನಾಳೆ ಒಂದೇ ಲೆನ್ಸ್. ನಾಡಿದ್ದು ಮಂಡಿಗಿಂತ ಮೇಲೆ ಕ್ಯಾಮೆರಾ ಎತ್ತುವ ಹಾಗಿಲ್ಲ. ಜೊತೆಗೆ ದಿನಕ್ಕೊಂದು ಫ್ರೇಮನ್ನು ಮಾತ್ರ ಒಂದೇ ನಿಲುವಿನಿಂದ, ಒಂದೇ ಫೋಕಲ್ ಲೆಂತಿನಲ್ಲಿ (ಜೂಮ್ ಬದಲಿಸದೆ) ತೆಗೆಯಿರಿ. ನಿಲ್ಲುವ ಜಾಗಕ್ಕೆ ಒಂದು ಕಲ್ಲು ಇಟ್ಟುಕೊಳ್ಳಿ. ಆ ಫ್ರೇಮ್ ಸುಂದರವಾಗಿರಬೇಕಿಲ್ಲ, ತಪ್ಪದೆ ಇರಬೇಕು.

ಬೇರೆಯವರ ಹೊಲದೊಳಗೆ ಹೋಗಬಹುದಾ?

ಕೇಳಿ ಹೋಗಿ. ತೆರೆದ ಗೇಟು ತೆರೆದಂತೆ, ಮುಚ್ಚಿದ್ದು ಮುಚ್ಚಿದಂತೆ ಬಿಟ್ಟು ಬನ್ನಿ. ಬಿತ್ತಿದ ಹೊಲ ತುಳಿಯಬೇಡಿ. ಫೋಟೋಗಾಗಿ ಟೊಂಗೆ ಅಲುಗಾಡಿಸಿ ಎಲೆ ಬೀಳಿಸುವುದಂತೂ ಬೇಡವೇ ಬೇಡ.

ಎಡಿಟ್ ಮಾಡುವಾಗ ಬಣ್ಣ ಎಷ್ಟು ಏರಿಸಬಹುದು?

ಸ್ಯಾಚುರೇಶನ್ ಮುಟ್ಟುವ ಮುಂಚೆ ಕಾಂಟ್ರಾಸ್ಟ್, ನೆರಳುಗಳನ್ನು ಸರಿಮಾಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇನ್ನೂ ಬೇಕೆನಿಸಿದರೆ ಕಿತ್ತಳೆ ಮತ್ತು ಹಳದಿಯ ಬೆಳಕನ್ನು ಮಾತ್ರ ಸ್ವಲ್ಪ ಏರಿಸಿ. ಹಳದಿಯನ್ನು ಎಳೆದು ಕೆಂಪು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬರ್ಚ್ ಹಳದಿಯಾಗುವ ಮರ, ಅದನ್ನು ಹಳದಿಯಾಗಿಯೇ ಬಿಡಬೇಕು. ಹುಲ್ಲು, ಕಲ್ಲು, ತೊಗಟೆ ನಿಜದ ಬಣ್ಣದಲ್ಲಿವೆಯಾ ಅಂತ ನೋಡಿ, ಅವು ಕೆಟ್ಟಿದ್ದರೆ ಜಾಸ್ತಿಯಾಗಿದೆ. ತೆಗೆದ ದಿನವೇ ಎಡಿಟಿಗೆ ಕೂರದೆ ಎರಡು ದಿನ ಬಿಟ್ಟರೆ ಕೈ ಹಗುರವಾಗುತ್ತದೆ.

ಎಲೆ ಎಲ್ಲ ಉದುರಿದ ಮೇಲೆ ನಿಲ್ಲಿಸಿಬಿಡಲಾ?

ಇನ್ನೂ ಒಂದು ವಾರ ಹೋಗಿ. ನೆಲದ ಮೇಲಿನ ಎಲೆಗಳ ಅಂಚಿಗೆ ಹೆಪ್ಪುಗಟ್ಟಿದ ಇಬ್ಬನಿ ಕೂರುವುದು ಆಗಲೇ. ಎಳೆಯ ಬೀಚ್ ಮತ್ತು ಓಕ್ ಮರಗಳು ಒಣಗಿದ ಎಲೆಗಳನ್ನು ಚಳಿಗಾಲವಿಡೀ ಹಿಡಿದುಕೊಂಡೇ ಇರುತ್ತವೆ, ಬೋಳು ಕಾಡಿನಲ್ಲಿ ಆ ತಾಮ್ರದ ಬಣ್ಣ ದೂರದಿಂದಲೇ ಕರೆಯುತ್ತದೆ.

ಆಮೇಲೆ ಕಲ್ಲಿಟ್ಟ ಜಾಗದ ಫ್ರೇಮುಗಳನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ, ತಾರೀಖಿನ ಸಾಲಿನಲ್ಲಿ ನೆಲದ ಮೇಲೆ ಹರಡಿ. ಯಾವ ಮರ ಯಾವ ದಿನ ತಿರುಗಿತು, ಯಾವ ದಿನ ಬೋಳಾಯಿತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ತಾರೀಖು ಒಂದೆರಡು ವಾರ ಹಿಂದೆ ಮುಂದೆ ಆಗಬಹುದು, ಮರಗಳ ಸರದಿ ಮಾತ್ರ ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಾಗಾಗಿ ಮೊದಲ ಮರ ಹಳದಿಯಾದ ತಕ್ಷಣ ಉಳಿದವಕ್ಕೆ ಎಷ್ಟು ದಿನ ಬಾಕಿ ಅಂತ ಆ ಪಟ್ಟಿ ನೋಡಿಯೇ ಹೇಳಬಹುದು.